ಕಾದಂಬರಿಕಾರನ ವಸಂತ ಮತ್ತು ಅವನ ಋಣ

ವಸಂತ ಬಂದಿತೆಂದರೆ ಕವಿಯ ಮನಸ್ಸೂ ಚಿಗುರಿತು ಎಂದು ಭಾವಿಸುವುದು ನಮ್ಮ ಕಾವ್ಯಪರಂಪರೆಯಲ್ಲಿ ರೂಢಿಯಾಗಿ ನೆಲೆನಿಂತ ಮಾತು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಗೆ ಸ್ಥಾನ ಕೊಟ್ಟ ಲಾಕ್ಷಣಿಕರು ಮಾವು, ಮಲ್ಲಿಗೆ, ಕೋಗಿಲೆ, ತೆಂಕಣ ಗಾಳಿಗಳನ್ನು ಕಾವ್ಯದ ಸಲಕರಣೆಗಳೆಂದೇ ಎಣಿಸಿದರು. ಕಾಲಾನುಕ್ರಮದಲ್ಲಿ ಈ ನಂಬಿಕೆ ಕಾವ್ಯದಿಂದ ಕವಿಯ ಬದುಕಿಗೆ ದಾಟಿತು. ಬರೆಯುವವನಿಗೆ ಏಕಾಂತ ಬೇಕು, ಹಸಿರು ಬೇಕು, ನೀರಿನ ಸದ್ದು ಬೇಕು. ಕಡಲ ತಡಿಯ ಒಂದು ಹಳ್ಳಿ, ತೆಂಗಿನ ನೆರಳಿನ ಒಂದು ಮನೆ, ಚೈತ್ರ ವೈಶಾಖಗಳ ನಿಡಿದಾದ ಹಗಲು ಇವಿಷ್ಟು ದೊರೆತರೆ ಕಾದಂಬರಿ ತಾನಾಗಿಯೇ ಹುಟ್ಟುತ್ತದೆ ಎಂಬ ಕಲ್ಪನೆ ಓದುಗರಲ್ಲಿ ಮಾತ್ರವಲ್ಲ, ಬರೆಯಹೊರಟ ತರುಣರಲ್ಲಿಯೂ ಬಲವಾಗಿದೆ.

ಉಚ್ಚಂಗಿದುರ್ಗದ ಸೀಮೆಯಲ್ಲಿ ಬೆಳೆದವರಿಗೆ ಈ ಕಲ್ಪನೆ ದೂರದ್ದೆನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಚೈತ್ರವೆಂದರೆ ಕಾದ ಬಂಡೆ, ಬತ್ತಿದ ಕೆರೆ, ಬೇವಿನ ಹೂವು, ಉದುರುವ ಹುಣಿಸೆ. ಯುಗಾದಿಯ ಜಾತ್ರೆಗೆ ಉತ್ಸವಾಂಬೆಯ ಗುಡ್ಡವನ್ನು ಬರಿಗಾಲಲ್ಲಿ ಏರುವ ಭಕ್ತನಿಗೆ ವಸಂತದ ಅರಿವಾಗುವುದು ಅಂಗಾಲಿನಿಂದ. ಹಾಗಾದರೆ ಸೃಷ್ಟಿಶೀಲತೆ ಹಸಿರು ನಾಡಿನವರ ಭಾಗ್ಯವೋ? ಈ ಪ್ರಶ್ನೆಗೆ ಉತ್ತರ ಸುಲಭ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಎಂಬ ಹೆಸರನ್ನು ಬೀಚಿ ಎಂದು ನಾಡೆಲ್ಲ ಪ್ರೀತಿಯಿಂದ ಓದಿತು, ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಒಣನೆಲದ ಭಾಷೆಯಲ್ಲಿಯೇ ಬರೆದು, ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಮಳೆಯ ಪ್ರಮಾಣಕ್ಕೂ ಪ್ರತಿಭೆಗೂ ನಂಟಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಬಹುದು. ಅದರ ಹಿಂದೆ ಅಡಗಿರುವ ಇನ್ನೊಂದು ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಬರೆಯುವವನು ಕುಳಿತು ಬರೆಯುವ ಆ ಬಿಡುವು ಯಾರದು? ಅದರ ಬೆಲೆಯನ್ನು ತೆರುವವರು ಯಾರು? ಇತರರ ಬಾಳಿನಿಂದ ತನ್ನ ಸಾಮಗ್ರಿಯನ್ನು ಎತ್ತಿಕೊಳ್ಳುವ ಕಾದಂಬರಿಕಾರನು ಆ ಋಣವನ್ನು ಹೇಗೆ ತೀರಿಸುತ್ತಾನೆ?

ಈ ವಿಚಾರಕ್ಕೆ ಕೋಟ ಶಿವರಾಮ ಕಾರಂತರ ಬಾಳಿಗಿಂತ ತಕ್ಕ ನಿದರ್ಶನ ಕನ್ನಡದಲ್ಲಿ ದೊರೆಯುವುದು ವಿರಳ. 1902ರ ಅಕ್ಟೋಬರ್ 10ರಂದು ಕರಾವಳಿಯ ಕೋಟದಲ್ಲಿ ಹುಟ್ಟಿ, 1997ರ ಡಿಸೆಂಬರಿನಲ್ಲಿ ಕಾಲವಾದ ಈ ಲೇಖಕರು ತಮ್ಮ ಬಾಳಿನ ಬಹುಭಾಗವನ್ನು ಪುತ್ತೂರಿನಲ್ಲಿಯೂ ಕೊನೆಯ ದಶಕಗಳನ್ನು ಕೋಟಕ್ಕೆ ಹತ್ತಿರದ ಸಾಲಿಗ್ರಾಮದಲ್ಲಿಯೂ ಕಳೆದರು. ನಲವತ್ತಕ್ಕೂ ಮಿಕ್ಕಿ ಕಾದಂಬರಿಗಳು, ನಾಟಕಗಳು, ಮಕ್ಕಳಿಗಾಗಿ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’, ಯಕ್ಷಗಾನದ ಸಂಶೋಧನೆ ಇವೆಲ್ಲ ಹಳ್ಳಿಯ ನೆರೆಯಲ್ಲಿಯೇ ನಡೆದ ಕೆಲಸ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟು ಬಂದ ಈ ತರುಣರು ಇಪ್ಪತ್ತರ ದಶಕದಲ್ಲಿ ನಡೆಸಿದ ಮಾಸಪತ್ರಿಕೆಯ ಹೆಸರು ‘ವಸಂತ’. ಹೆಸರು ಮಧುರವಾಗಿತ್ತು, ಪತ್ರಿಕೆಯನ್ನು ನಡೆಸಿದವರ ಪಾಡು ಮಧುರವಾಗಿತ್ತೆಂದು ಹೇಳಲು, ಮಾಸಪತ್ರಿಕೆಯ ಲೆಕ್ಕಪತ್ರವನ್ನು ಒಮ್ಮೆಯಾದರೂ ಕಂಡ ಯಾರೂ ಒಪ್ಪಲಾರರು.

ಕರಾವಳಿಯ ವಸಂತದ ನಿಜರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಯುಗಾದಿ ಚಾಂದ್ರಮಾನದ್ದು. ಅಲ್ಲಿ ಸೌರಮಾನದ ವರ್ಷಾರಂಭ, ಏಪ್ರಿಲ್ ತಿಂಗಳ ನಡುವೆ ಬರುವ ಬಿಸು ಹಬ್ಬ. ಹೊಸ ಫಲವಸ್ತುಗಳನ್ನು ಕಣಿಯಾಗಿ ಇಟ್ಟು ಬೆಳಗಿನಲ್ಲಿ ಮೊದಲು ಅದನ್ನೇ ನೋಡುತ್ತಾರೆ. ಮಾವು, ಹಲಸು, ಗೇರು ಎಲ್ಲವೂ ಆಗ ಬರುತ್ತವೆ ಎಂಬುದು ನಿಜ. ರಾತ್ರಿ ಯಕ್ಷಗಾನದ ಚೆಂಡೆ ಕೇಳಿಬರುತ್ತದೆ ಎಂಬುದೂ ನಿಜ. ಆದರೆ ಹಗಲೆಲ್ಲ ಮೈಯಿಂದ ನೀರಿಳಿಸುವ ಸೆಕೆ. ಅಡಿಕೆಯ ತೋಟಕ್ಕೆ ನೀರು ಹಾಯಿಸದಿದ್ದರೆ ಹಲವು ವರ್ಷಗಳ ಬಾಳು ಒಂದು ಬೇಸಗೆಗೆ ಒಣಗಿಹೋಗುತ್ತದೆ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಆಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ; ಅದರ ಹಿಂದೆಯೇ ಮಳೆ. ಆ ಮಳೆ ನಮ್ಮಲ್ಲಿ ಸುರಿಯುವಂಥ ಮಳೆಯಲ್ಲ. ತಿಂಗಳುಗಟ್ಟಲೆ ಮನೆಯ ಹೊರಗೆ ಕಾಲಿಡಲು ಬಿಡದ ಮಳೆ. ಆದಕಾರಣ ಮಳೆಗೆ ಮೊದಲೇ ಸೌದೆ ಒಟ್ಟಬೇಕು, ಮಾಡಿಗೆ ಹುಲ್ಲನ್ನೋ ಮಡಲನ್ನೋ ಹೊದಿಸಬೇಕು, ಹಟ್ಟಿಗೆ ಸೊಪ್ಪು ತರಬೇಕು, ಹಪ್ಪಳ ಸಂಡಿಗೆಗಳನ್ನು ಒಣಗಿಸಿ ಭರಣಿಗೆ ತುಂಬಬೇಕು. ಹಳೆಯ ಕರಾವಳಿಯ ಹಳ್ಳಿಗೆ ವಸಂತವೆಂದರೆ ಅವಸರದ ಕಾಲ. ಇಡೀ ಊರು ಮಾಡು ಹೊದಿಸುವ ದಿನಗಳಲ್ಲಿ ಒಬ್ಬನು ಒಳಗೆ ಕುಳಿತು ಕಾಗದದ ಮೇಲೆ ಬರೆಯುತ್ತಾನೆ. ಕಲ್ಪನೆಯ ಕಡಲತಡಿಯಲ್ಲಿ ಈ ದೃಶ್ಯ ಸುಂದರ. ಮಡಲು ಹೊರುವವನ ಕಣ್ಣಿಗೆ ಅದು ಹೇಗೆ ಕಂಡೀತೆಂಬುದನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಶರಣರ ನಾಡಿನವರಾದ ನಮಗೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿ ತಟ್ಟಬೇಕು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಸೌದೆ ಹೊತ್ತ ಮೋಳಿಗೆಯ ಮಾರಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದ ಮಾರಯ್ಯ ಮತ್ತು ಲಕ್ಕಮ್ಮ ಇವರಾರೂ ಬರೆಯುವುದಕ್ಕೆಂದು ದುಡಿಮೆಯಿಂದ ಬಿಡುವು ಬೇಡಿದವರಲ್ಲ. ಅವರ ನುಡಿ ಕಾಯಕದ ನಡುವೆಯೇ ಹುಟ್ಟಿತು. ಇದಕ್ಕೆ ಅವರ ಮಹಿಮೆ ಒಂದು ಕಾರಣವಾದರೆ ಪ್ರಕಾರದ ಸ್ವರೂಪವೂ ಒಂದು ಕಾರಣ. ವಚನ ಕಿರಿದು. ಹುಟ್ಟು ಹಾಕುತ್ತಲೇ, ಹಗ್ಗ ಹೊಸೆಯುತ್ತಲೇ ಅದನ್ನು ಮನಸ್ಸಿನಲ್ಲಿ ಕಟ್ಟಿ ನಾಲಗೆಯ ಮೇಲೆ ನಿಲ್ಲಿಸಬಹುದು. ಕಾದಂಬರಿ ಹಾಗಲ್ಲ. ಮೂರು ತಲೆಮಾರುಗಳ ಬಾಳನ್ನು ನೂರಾರು ಪುಟಗಳಲ್ಲಿ ಹರಡುವವನಿಗೆ ದಿನಗಳು ಬೇಕು, ಕೋಣೆ ಬೇಕು, ಹೊತ್ತಿಗೆ ಅನ್ನ ಬೇಕು, ಕಾಗದ ಬೇಕು, ತನ್ನ ಪಾಲಿನ ಮನೆಗೆಲಸವನ್ನು ಇನ್ನೊಬ್ಬರು ಮಾಡಬೇಕು. ಕಾದಂಬರಿಯೆಂಬ ಪ್ರಕಾರವೇ ಬಿಡುವಿನ ಸಂತಾನ. ಆದ್ದರಿಂದ ವಚನಕಾರನಿಗೆ ಇಲ್ಲದಿದ್ದ ಒಂದು ನೈತಿಕ ಪ್ರಶ್ನೆ ಕಾದಂಬರಿಕಾರನಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ. ಬರವಣಿಗೆಯೂ ಒಂದು ಕಾಯಕವೇ ಎಂದು ಹೇಳಿ ಈ ಪ್ರಶ್ನೆಯನ್ನು ಮುಗಿಸಿಬಿಡುವ ವಾಡಿಕೆ ಈಚೆಗೆ ಸಭೆಗಳಲ್ಲಿ ಹೆಚ್ಚಾಗಿದೆ. ಅದು ಅಗ್ಗದ ಸಮಾಧಾನ. ಕಾಯಕಕ್ಕೆ ದಾಸೋಹದ ಹೊಣೆಯೂ ಸೇರಿದೆ. ಪಡೆದುದನ್ನು ಹಿಂದಿರುಗಿಸದ ದುಡಿಮೆಗೆ ಆ ಹೆಸರು ಸಲ್ಲದು.

ಹಾಗಾದರೆ ಹಿಂದಿರುಗಿಸುವುದು ಯಾರಿಗೆ? ಇಲ್ಲಿಯೇ ತೊಡಕು. ಕಾರಂತರ ‘ಚೋಮನ ದುಡಿ’ 1933ರಲ್ಲಿ ಹೊರಬಂದಿತು. ಚೋಮನಿಗೆ ಇದ್ದ ಆಸೆ ಒಂದೇ: ತನ್ನದೆಂಬ ತುಂಡು ನೆಲದಲ್ಲಿ ಬೇಸಾಯ ಮಾಡಬೇಕು. ಜಾತಿಯ ಕಾರಣದಿಂದ ಆ ಹಕ್ಕು ಅವನಿಗೆ ದೊರೆಯದು. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ; ಒಬ್ಬನು ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬನು ತಂದೆಯನ್ನು ಬಿಟ್ಟು ಹೋಗುತ್ತಾನೆ. ಮಗಳು ಬೆಳ್ಳಿಯ ದುಡಿಮೆಯಿಂದ ಸಾಲ ತೀರುತ್ತದೆ. ಅದು ತೀರಿದ ಬಗೆ ತಂದೆಯ ಎದೆಯನ್ನು ಸೀಳುವಂಥದು. ನೀರಿನಲ್ಲಿ ಮುಳುಗುವ ಹುಡುಗನನ್ನು ಮುಟ್ಟಿ ಮೇಲೆತ್ತಲು ದಡದಲ್ಲಿದ್ದವರ ಮಡಿ ಅಡ್ಡಬರುತ್ತದೆ. ಕೊನೆಗೆ ಗುಡಿಸಲಿನ ಬಾಗಿಲನ್ನು ಮುಚ್ಚಿಕೊಂಡು ದುಡಿಯನ್ನು ಬಾರಿಸುತ್ತ ಚೋಮ ಅಳಿಯುತ್ತಾನೆ. ಈ ಕಥೆಯನ್ನು ಬರೆದವರು ಮೇಲುಜಾತಿಯಲ್ಲಿ ಹುಟ್ಟಿದವರು. ಇದನ್ನು ಓದಿ ಕಣ್ಣೀರಿಟ್ಟವರು ಅಕ್ಷರ ಬಲ್ಲವರು. ಯಾರ ಬಾಳಿನಿಂದ ಇದು ಮೂಡಿತೋ ಆ ಜನರಲ್ಲಿ ಅಂದು ಇದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಸಾಲಗಾರನು ಬರೆದುಕೊಟ್ಟ ಪತ್ರವನ್ನು ಸಾಲಕೊಟ್ಟವನೇ ಓದಲಾರದ ವಿಚಿತ್ರ ಸ್ಥಿತಿ ಇದು.

ಈ ಸ್ಥಿತಿಯನ್ನು ಸಹಿಸಲಾರದೆ ಬಳಲಿದ ದೊಡ್ಡ ಲೇಖಕರಲ್ಲಿ ರಷ್ಯಾದ ಟಾಲ್‌ಸ್ಟಾಯ್ ಪ್ರಮುಖರು. ಯಾಸ್ನಾಯ ಪೊಲ್ಯಾನದ ಜಮೀನುದಾರರಾಗಿ ಹುಟ್ಟಿದ ಅವರು ನಡುವಯಸ್ಸು ದಾಟಿದ ಮೇಲೆ ರೈತರ ಉಡುಪನ್ನು ತೊಟ್ಟು ನೇಗಿಲು ಹಿಡಿದರು, ತಮ್ಮ ಪಾದರಕ್ಷೆಗಳನ್ನು ತಾವೇ ಹೊಲಿದರು. ಕೊನೆಗೆ, ಲೋಕವೆಲ್ಲ ಕೊಂಡಾಡಿದ ತಮ್ಮ ಮಹಾಕಾದಂಬರಿಗಳನ್ನೇ ಕೆಟ್ಟ ಕಲೆಯ ಸಾಲಿಗೆ ತಳ್ಳಿದರು. ಅವರ ಸಂಕಟ ಪ್ರಾಮಾಣಿಕವಾದುದು. ಅದಕ್ಕೆ ನಾವು ತಲೆಬಾಗಬೇಕು. ಆದರೆ ಅವರು ಕಂಡುಕೊಂಡ ಪರಿಹಾರ ಸರಿಯೆಂದು ಒಪ್ಪುವುದು ಕಷ್ಟ. ಒಬ್ಬ ರೈತನ ನೇಗಿಲಿಗೆ ಇನ್ನೊಂದು ಜೊತೆ ಕೈ ಸೇರಿದ್ದರಿಂದ ರಷ್ಯಾದ ರೈತನ ಭಾರ ಇಳಿಯಲಿಲ್ಲ. ಬರೆದುದನ್ನು ಅಲ್ಲಗಳೆದರೆ ಪಡೆದುದು ಹಿಂದಿರುಗಿದಂತೆ ಆಗುವುದೂ ಇಲ್ಲ. ಸಾಲಪತ್ರವನ್ನು ಸುಟ್ಟಂತೆ ಆಗುತ್ತದೆ, ಅಷ್ಟೆ.

ಕಾರಂತರು ಹೀಗೆ ಪಶ್ಚಾತ್ತಾಪದ ಮಾರ್ಗವನ್ನು ಹಿಡಿದವರಲ್ಲ. ಅವರ ಸ್ವಭಾವಕ್ಕೆ ಅದು ಒಗ್ಗುವಂಥದೂ ಆಗಿರಲಿಲ್ಲ. ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು; ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಮಾರಿದರು; ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು; ಎಂಬತ್ತೇಳರ ಹೊತ್ತಿಗೆ, 1989ರಲ್ಲಿ, ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಲು ಲೋಕಸಭೆಯ ಚುನಾವಣೆಗೂ ನಿಂತರು. ಇವೆಲ್ಲ ಸ್ತುತ್ಯರ್ಹ ಕಾರ್ಯಗಳೇ. ಆದರೂ ಕಾದಂಬರಿಯ ಋಣವನ್ನು ಇಂಥ ಸಮಾಜಸೇವೆಯ ಲೆಕ್ಕಕ್ಕೆ ಜಮೆ ಹಾಕುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಬರವಣಿಗೆಯಲ್ಲಿ ಮಾಡಿದ ಸಾಲವನ್ನು ಬರವಣಿಗೆಯಲ್ಲಿಯೇ ತೀರಿಸಬೇಕು. ತಾನು ಕಂಡ ಬಾಳನ್ನು ತನ್ನ ಓದುಗರ ಹಿತಕ್ಕಾಗಿ ಸಿಹಿ ಮಾಡದಿರುವುದು, ಅದನ್ನು ತನ್ನ ಬಿಡುವಿನ ಸೊಗಸಿಗೆ ಅಲಂಕಾರವಾಗಿ ಬಳಸದಿರುವುದು, ಇದೇ ಆ ತೀರಿಕೆಯ ಬಗೆ. ಚೋಮನಿಗೆ ಕೊನೆಯ ಪುಟದಲ್ಲಿ ಒಂದು ಎಕರೆ ಗದ್ದೆ ಕೊಡಿಸುವುದು ಲೇಖಕನಿಗೆ ಕಷ್ಟವಾಗಿರಲಿಲ್ಲ. ಒಂದು ವಾಕ್ಯ ಸಾಕಾಗಿತ್ತು. ಕೊಡಿಸಿದ್ದರೆ ಓದುಗರು ನೆಮ್ಮದಿಯಿಂದ ನಿದ್ರಿಸುತ್ತಿದ್ದರು. ಲೇಖಕರು ಆ ನೆಮ್ಮದಿಯನ್ನು ನಿರಾಕರಿಸಿದರು. ಉಳುವವನಿಗೆ ನೆಲ ಎಂಬ ತತ್ತ್ವ ನಮ್ಮ ರಾಜ್ಯದಲ್ಲಿ ಪೂರ್ಣ ಬಲದಿಂದ ಕಾನೂನಾಗಲು 1974ರ ಭೂಸುಧಾರಣಾ ತಿದ್ದುಪಡಿಯವರೆಗೆ, ಎಂದರೆ ನಾಲ್ಕು ದಶಕಗಳವರೆಗೆ, ಕಾಯಬೇಕಾಯಿತು. ಕಾದಂಬರಿಯಿಂದ ಕಾನೂನು ಬಂದಿತೆಂದು ಹೇಳುವುದು ಅತಿಶಯೋಕ್ತಿ. ಆ ಕಾನೂನು ಬಂದಾಗಲೂ ಗೇಣಿಯ ಹಕ್ಕೇ ಇಲ್ಲದಿದ್ದ ಚೋಮನಂಥವರ ಕೈಗೆ ದಕ್ಕಿದ ನೆಲ ಸ್ವಲ್ಪವೇ ಎಂಬುದನ್ನೂ ಮರೆಯಬಾರದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಚೋಮನ ಬಾಳನ್ನು ಚೋಮನ ಕುಲದವರೇ ಬರೆಯಬೇಕು, ಹೊರಗಿನವನು ಎಷ್ಟು ಕರಗಿ ಬರೆದರೂ ಅದು ಕನಿಕರವೇ ಹೊರತು ಅರಿವಲ್ಲ ಎಂಬ ವಾದವನ್ನು ಎಪ್ಪತ್ತರ ದಶಕದಿಂದ ದಲಿತ ಲೇಖಕರು ಗಂಭೀರವಾಗಿ ಮುಂದಿಟ್ಟಿದ್ದಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಓದಿದವರಿಗೆ ಆ ವಾದದ ಸತ್ತ್ವ ಮನದಟ್ಟಾಗದೆ ಇರದು. ಅಲ್ಲಿ ನೋವಿನ ಜೊತೆಯಲ್ಲಿಯೇ ನಗೆ, ಕನಸು, ತುಂಟತನಗಳು ಹರಿಯುತ್ತವೆ. ಹೊರಗಿನಿಂದ ನೋಡುವವನ ಕಣ್ಣಿಗೆ ಮೊದಲು ಬೀಳುವುದು ನೋವು ಮಾತ್ರ. ಚೋಮನ ದುಡಿಯ ದನಿಯಲ್ಲಿ ನಾವು ಕೇಳಿದ್ದು ಹೆಚ್ಚಾಗಿ ದುಃಖವನ್ನೇ ಎಂಬುದು ಈ ದೃಷ್ಟಿಯಿಂದ ವಿಚಾರಾರ್ಹ. ಆದರೆ ಈ ಮಾತನ್ನು ಕೊನೆಯವರೆಗೆ ಎಳೆದರೆ ಯಾರೂ ತಮ್ಮ ಮನೆಯ ಹೊಸ್ತಿಲನ್ನು ದಾಟಿ ಬರೆಯುವಂತಿಲ್ಲ. ನೆರೆಯವನ ಬಾಳನ್ನು ಕಲ್ಪಿಸಿಕೊಳ್ಳುವ ಶಕ್ತಿಯೇ ಬಾಡುತ್ತದೆ. ಆ ಶಕ್ತಿಯಿಲ್ಲದೆ ಸಮಾಜದಲ್ಲಿ ನ್ಯಾಯವೂ ಇಲ್ಲ. ಬರೆಯುವ ಹಕ್ಕು ಹುಟ್ಟಿನಿಂದ ಬರುವಂಥದಲ್ಲ, ಹುಟ್ಟಿನಿಂದ ತಪ್ಪಿಹೋಗುವಂಥದೂ ಅಲ್ಲ. ಅತಿಥಿಯಾಗಿ ಹೋದವನು ಆ ಮನೆಯಲ್ಲಿ ಹೇಗೆ ನಡೆದುಕೊಂಡನು ಎಂಬುದರ ಮೇಲೆ ಅದು ನಿಂತಿದೆ.

ಅತಿಥಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. 1943ರಲ್ಲಿ ಬಂದ ‘ಬೆಟ್ಟದ ಜೀವ’ದಲ್ಲಿ ಕಥೆ ಹೇಳುವವನು ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿತಪ್ಪಿ, ಗೋಪಾಲಯ್ಯನೆಂಬ ವೃದ್ಧರ ಮನೆಯನ್ನು ಸೇರುತ್ತಾನೆ. ಗೋಪಾಲಯ್ಯನವರದು ಕಾಡನ್ನು ಕಡಿದು, ನೀರನ್ನು ತಿರುಗಿಸಿ, ಆನೆ ಹುಲಿಗಳೊಡನೆ ಹೋರಾಡಿ ತೋಟವೆಬ್ಬಿಸಿದ ಬಾಳು. ಮಗ ಮನೆಬಿಟ್ಟು ಹೋಗಿದ್ದಾನೆ. ಅತಿಥಿ ಅವರ ಅನ್ನವನ್ನು ಉಣ್ಣುತ್ತಾನೆ, ಬಿಸಿನೀರಿನಲ್ಲಿ ಮೀಯುತ್ತಾನೆ, ಅವರೊಡನೆ ಬೆಟ್ಟವನ್ನು ಸುತ್ತುತ್ತಾನೆ, ಮುದಿ ದಂಪತಿಗಳ ಒಳಗಿನ ಕೊರಗನ್ನು ಕೇಳುತ್ತಾನೆ. ಇಡೀ ಕಾದಂಬರಿ ಒಂದು ಆತಿಥ್ಯದ ಕಥೆ. ಅಲ್ಲಿ ನಿಜವಾದ ಸೃಷ್ಟಿಕರ್ತ ಯಾರು? ಬರೆಯುವ ಅತಿಥಿಯೋ, ಕಾಡಿನ ನಡುವೆ ಹಸಿರನ್ನು ಎಬ್ಬಿಸಿದ ಮನೆಯೊಡೆಯರೋ? ಕಾರಂತರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಅತಿಥಿಯನ್ನು ಅವರು ದೊಡ್ಡವನಾಗಿ ಮಾಡುವುದಿಲ್ಲ. ಅವನು ನೋಡುತ್ತಾನೆ, ಕೇಳುತ್ತಾನೆ, ಮನೆಯವರ ದುಃಖಕ್ಕೆ ತನ್ನ ಕೈಲಾದ ಒಂದು ಸಣ್ಣ ಕೆಲಸದ ಹೊಣೆ ಹೊತ್ತು ಹೊರಡುತ್ತಾನೆ.

ಇದಕ್ಕಿಂತ ಎರಡು ವರ್ಷ ಮೊದಲು, 1941ರಲ್ಲಿ, ಬರೆದ ‘ಮರಳಿ ಮಣ್ಣಿಗೆ’ಯಲ್ಲಿ ಕಡಲಿದೆ. ಕರಾವಳಿಯನ್ನು ಚಿತ್ರಪಟವಾಗಿ ಕಾಣಬಯಸುವವರು ಅದನ್ನು ಒಮ್ಮೆ ಓದಬೇಕು. ಅಲ್ಲಿಯ ಕಡಲು ಗದ್ದೆಗೆ ಉಪ್ಪುನೀರು ನುಗ್ಗಿಸುವ ಕಡಲು. ಮನೆಯನ್ನು ಎತ್ತಿ ನಿಲ್ಲಿಸುವವರು ಪಾರೋತಿ, ಸರಸೋತಿ, ನಾಗವೇಣಿಯರಂಥ ಹೆಂಗಸರು. ಗೊಬ್ಬರ ಹೊರುವುದು, ನೇಜಿ ನೆಡುವುದು, ಸೊಪ್ಪು ಸೌದೆ ತರುವುದು, ಗಂಡಸರ ಹಟ ಮತ್ತು ದುಶ್ಚಟಗಳನ್ನು ಸಹಿಸುವುದು ಅವರ ಪಾಲು. ಕಡಲ ಸೌಂದರ್ಯವೂ ಅಲ್ಲಿದೆ; ಮೂರನೆಯ ತಲೆಮಾರಿನ ರಾಮನು ಪಿಟೀಲು ಹಿಡಿದು ತೆರೆಗಳನ್ನು ಆಲಿಸುತ್ತಾನೆ. ಆದರೆ ಆ ಆಲಿಸುವಿಕೆಗೆ ಬೇಕಾದ ಅನ್ನವನ್ನು ಯಾರು ಬೆಳೆದರು ಎಂಬುದು ಅದಕ್ಕೆ ಮೊದಲೇ ನೂರಾರು ಪುಟಗಳಲ್ಲಿ ಲೆಕ್ಕವಾಗಿ ಹೋಗಿರುತ್ತದೆ. ಸೌಂದರ್ಯವನ್ನು ಅನುಭವಿಸುವ ಮುನ್ನ ಅದರ ಬೆಲೆಯನ್ನು ಓದುಗನಿಗೆ ತಿಳಿಸಿಬಿಡುವ ಈ ಕ್ರಮವನ್ನು ನಾವು ಕಲೆಯ ಚಾತುರ್ಯವೆಂದು ಭಾವಿಸುವುದಿಲ್ಲ. ಅದು ಲೇಖಕನ ಶೀಲ. ಬದುಕಿನ ಸಂಜೆಯಲ್ಲಿ ಸಾಲಿಗ್ರಾಮದಲ್ಲಿ ಕಾರಂತರು ಹೇಳುತ್ತ ಹೋದಂತೆ ಮಾಲಿನಿ ಮಲ್ಯರು ಬರೆದುಕೊಳ್ಳುತ್ತಿದ್ದರೆಂಬ ಸಂಗತಿಯೂ ಇಲ್ಲಿ ನೆನಪಿಗೆ ಬರುತ್ತದೆ. ಒಬ್ಬರ ಹೆಸರಿನಲ್ಲಿ ಬರುವ ಪುಸ್ತಕದಲ್ಲಿ ಬೇರೆಯವರ ಕೈಯ ದುಡಿಮೆ ಎಷ್ಟೆಂಬುದು ಮುಖಪುಟದಿಂದ ತಿಳಿಯುವುದಿಲ್ಲ.

ಕಡಲಿನಿಂದ ನಮ್ಮ ಗುಡ್ಡಕ್ಕೆ ಮರಳೋಣ. ಉಚ್ಚಂಗಿಯನ್ನು ಹನ್ನೆರಡನೆಯ ಶತಮಾನದಲ್ಲಿ ಆಳಿದ ಪಾಂಡ್ಯರ ವಿಷಯವನ್ನು, ಕೋಟೆಯನ್ನು ಗೆದ್ದ ಹೊಯ್ಸಳ ವೀರಬಲ್ಲಾಳನ ವಿಷಯವನ್ನು ಶಾಸನಗಳು ಹೇಳುತ್ತವೆ. ಗುಡ್ಡದ ಕೆಳಗೆ ಬಾಳಿದವರ ವಿಷಯವನ್ನು ಶಾಸನ ಹೇಳುವುದಿಲ್ಲ. ಅದು ಕಾದಂಬರಿಯ ಪಾಲಿಗೆ ಬಿದ್ದ ಕೆಲಸ. ಭರತ ಹುಣ್ಣಿಮೆಯಂದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಈ ಗುಡ್ಡದ ನೆರಳಿನಲ್ಲಿ ಬಹುಕಾಲ ನಡೆದುಬಂದಿತೆಂಬುದನ್ನು ಭಕ್ತರಾದ ನಾವು ಮುಚ್ಚಿಡಬೇಕಾಗಿಲ್ಲ. 1982ರ ಕಾನೂನು ಅದನ್ನು ಅಪರಾಧವೆಂದು ಸಾರಿತು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಮನೆಗಳ ಮಕ್ಕಳು. ಕಾರಂತರು 1970ರಲ್ಲಿ ‘ಮೈಮನಗಳ ಸುಳಿಯಲ್ಲಿ’ ಎಂಬ ಕಾದಂಬರಿಯಲ್ಲಿ ಮಂಜುಳೆ ಎಂಬ ಗಣಿಕೆಯ ಬಾಳನ್ನು ಬರೆದರು. ಮೈಯೊಂದನ್ನೇ ಲೋಕ ಕಂಡ ಕಡೆಯಲ್ಲಿ ಮನಸ್ಸನ್ನೂ ಕಂಡದ್ದು ಅದರ ಹೆಚ್ಚಳ. ಆದರೆ ಕರಾವಳಿಯ ಗಣಿಕೆಯ ಬಾಳು ಬೇರೆ. ಕಳೆ ಕಿತ್ತು, ಮಣ್ಣು ಹೊತ್ತು, ಮಕ್ಕಳಿಗೆ ತಂದೆಯ ಹೆಸರು ಬರೆಸಲು ಶಾಲೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತ ನಮ್ಮ ಸೀಮೆಯ ತಾಯಂದಿರ ಬಾಳು ಬೇರೆ. ಅದನ್ನು ಬರೆಯಹೊರಟವನು ಮಂಜುಳೆಯ ಅಚ್ಚಿನಲ್ಲಿ ಎರಕ ಹೊಯ್ದರೆ ಸುಳ್ಳಾಗುತ್ತದೆ. ಕರುಣೆಯ ಉಪನ್ಯಾಸ ಬರೆದರೂ ಸುಳ್ಳೇ. ಆ ತಾಯಿಯ ಮಗಳು ಇಂದು ಕಾಲೇಜು ಓದಿದ್ದಾಳೆ. ಬರೆದುದನ್ನು ಅವಳು ಓದುತ್ತಾಳೆ. ಚೋಮನ ಕಾಲಕ್ಕಿಲ್ಲದಿದ್ದ ಈ ಒಂದು ಅನುಕೂಲ, ಅಥವಾ ಭಯ, ಇಂದಿನ ಲೇಖಕನಿಗಿದೆ. ಅವಳೇ ಬರೆದರೆ ಇನ್ನೂ ಮೇಲು. ಅವಳಿಗೆ ಬೇಕಾದ ಕೋಣೆ, ಕಾಗದ, ಬಿಡುವುಗಳನ್ನು ಒದಗಿಸುವವರು ಯಾರು ಎಂಬುದು ವಿದ್ಯಾರ್ಥಿನಿಲಯಗಳನ್ನು ನಡೆಸುವ ಮಠಗಳೂ ಅಲ್ಲಿ ಅನ್ನ ಉಂಡು ಓದಿದ ನಾವೂ ಯೋಚಿಸತಕ್ಕ ವಿಷಯ.

ಸುಗ್ಗಿ ಮುಗಿದು ಕೆಲಸವಿಲ್ಲದ ದಿನಗಳಲ್ಲಿ ಹರಪನಹಳ್ಳಿ, ಕೂಡ್ಲಿಗಿಗಳ ಹಳ್ಳಿಗಳಿಂದ ಸಂಸಾರ ಸಂಸಾರಗಳೇ ಗುಳೆ ಹೋಗುತ್ತವೆ. ಕೆಲವರು ಬೆಂಗಳೂರಿಗೆ, ಕೆಲವರು ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳಿಗೆ. ಯುಗಾದಿಗೆ ಎಂತಾದರೂ ಊರು ಸೇರಬೇಕೆಂದು ಬರುತ್ತಾರೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಮ್ಮನ ಗುಡ್ಡವನ್ನು ಹತ್ತುತ್ತಾರೆ, ಬೇವು ಬೆಲ್ಲ ತಿನ್ನುತ್ತಾರೆ, ಮುದುಕರಿಗೆ ಖರ್ಚಿಗಿಷ್ಟು ಕೊಟ್ಟು, ಜಾತ್ರೆ ಮುಗಿದ ವಾರದಲ್ಲಿಯೇ ಮತ್ತೆ ಬಸ್ಸು ಹತ್ತುತ್ತಾರೆ. ಅವರು ಇಳಿಯುವ ಆ ಘಟ್ಟದ ತೋಟಗಳಿಗೇ ತೊಂಬತ್ತು ವರ್ಷಗಳ ಹಿಂದಿನ ಕಥೆಯಲ್ಲಿ ಚೋಮನ ಮಕ್ಕಳು ಪಡುವಣ ದಿಕ್ಕಿನಿಂದ ಏರಿ ಬಂದಿದ್ದರು.